ರಾಜ್ಯೋತ್ಸವದಲ್ಲಿ ಅಣ್ಣಾವ್ರ ಇಂಗ್ಲಿಷ್ ಹಾಡು ಏಕೆ ಬೇಡ?

ಗಣೇಶೋತ್ಸವ ಮುಗಿದ ಕೂಡಲೇ ಪುಣೆಯ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ತಯಾರಿ ಆರಂಭವಾಗುವುದು ಎಲ್ಲರಿಗೂ ತಿಳಿದ ವಿಷಯ. ಹಾಲ್ ಯಾವುದು, ಮುಖ್ಯ ಅತಿಥಿ ಯಾರು, ಊಟಕ್ಕೆ ಬಿಸಿಬೇಳೆ ಭಾತೋ ಜೋಳದ ರೊಟ್ಟಿಯೋ ಎಂಬ ಚರ್ಚೆ ಪ್ರತಿ ವರ್ಷ ಇದ್ದದ್ದೇ. ನಮ್ಮ ಬಡಾವಣೆಯ ಕನ್ನಡ ಬಳಗದ ಸಭೆಯಲ್ಲಿ ಈ ಬಾರಿ ಮಾತ್ರ ಒಂದು ಹಾಡಿನ ವಿಷಯಕ್ಕೆ ಮುಕ್ಕಾಲು ಗಂಟೆ ವಾದ ನಡೆಯಿತು. ಆ ಹಾಡು ‘ಇಫ್ ಯು ಕಮ್ ಟುಡೇ’. 1978ರಲ್ಲಿ ತೆರೆಕಂಡ ‘ಆಪರೇಷನ್ ಡೈಮಂಡ್ ರ‍್ಯಾಕೆಟ್’ ಚಿತ್ರಕ್ಕಾಗಿ ವರನಟ ಡಾ. ರಾಜಕುಮಾರ್ ಸ್ವತಃ ಹಾಡಿದ ಇಂಗ್ಲಿಷ್ ಗೀತೆ. ‘ಟಿಕ್ ಟಿಕ್ ಹಾಡು’ ಎಂದರೆ ಹೆಚ್ಚಿನವರಿಗೆ ಬೇಗ ನೆನಪಾದೀತು.

ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ನಮ್ಮ ಯುವ ಸದಸ್ಯರು ಈ ಹಾಡಿನ ಮೇಲೆ ಐದು ನಿಮಿಷದ ನಗೆನಾಟಕ ಮಾಡುವ ಸಲಹೆ ತಂದಿದ್ದರು. ಒಬ್ಬ ಕೋಟು ತೊಟ್ಟು, ವಿಗ್ ಹಾಕಿಕೊಂಡು, ಇಂಗ್ಲಿಷ್ ಶಬ್ದಗಳನ್ನು ಬೇಕೆಂದೇ ಹಳ್ಳಿಯ ಧಾಟಿಯಲ್ಲಿ ಎಳೆದು ಹಾಡುವುದು, ಹಿಂದೆ ನಾಲ್ವರು ರಟ್ಟಿನ ಗಡಿಯಾರ ಹಿಡಿದು ಕುಣಿಯುವುದು. “ಅಂಕಲ್, ಜನ ಬಿದ್ದು ಬಿದ್ದು ನಗ್ತಾರೆ, ನೋಡ್ತಾ ಇರಿ” ಎಂದ ಅವರಲ್ಲೊಬ್ಬ. ತಕ್ಷಣ ಆಕ್ಷೇಪ ಎತ್ತಿದವರು ಸರಕಾರಿ ಸೇವೆಯಿಂದ ನಿವೃತ್ತರಾದ ನಮ್ಮ ಹಿರಿಯರೊಬ್ಬರು. “ರಾಜ್ಯೋತ್ಸವದಾಗ ಇಂಗ್ಲಿಷ್ ಹಾಡೇನು? ನಾಳೆ ಭುವನೇಶ್ವರಿ ಫೋಟೋದ ಮುಂದ ಡಿಸ್ಕೋನೂ ಮಾಡ್ತೀರೇನಪಾ?” ಎಂದರು. ಕೊನೆಗೆ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.

ನಾನು ಅಂದು ಹೆಚ್ಚು ಮಾತನಾಡಲಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಸರದಿಯಲ್ಲಿ ನಿಂತವರು ಜಗಳವಾಡುವಾಗ ಸುಮ್ಮನಿರುವ ಅಭ್ಯಾಸ ಆಗಿರುತ್ತದೆ. ಆದರೆ ಮನೆಗೆ ಬಂದ ಮೇಲೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಹಿರಿಯರಿಗೆ ಹಾಡಿನ ಭಾಷೆ ಅಡ್ಡಿ, ಕಿರಿಯರಿಗೆ ಹಾಡೇ ತಮಾಷೆ. ಇಬ್ಬರೂ ತಪ್ಪು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಈ ಹಾಡು ನಮ್ಮ ವೇದಿಕೆಯ ಮೇಲೆ ಬರಬೇಕು. ನಗಿಸಲಿಕ್ಕಾಗಿ ಅಲ್ಲ, ಉಳಿದ ಹಾಡುಗಳಂತೆ ಒಂದು ಹಾಡಾಗಿ ಬರಬೇಕು. ಏಕೆಂಬುದನ್ನು ಬಳಗದ ಸದಸ್ಯರ ಮತ್ತು ಪುಣೆಯ ಇತರ ಕನ್ನಡ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಹಾಡಿನ ಹಿನ್ನೆಲೆ ಹೊಸ ಪೀಳಿಗೆಗೆ ತಿಳಿದಿರಲಿಕ್ಕಿಲ್ಲ. ಜೇಮ್ಸ್ ಬಾಂಡ್ ಚಿತ್ರಗಳು 1962ರಿಂದ ಜಗತ್ತಿನ ಎಲ್ಲೆಡೆ ಓಡುತ್ತಿದ್ದವು. ಅಂಥದ್ದೇ ಒಬ್ಬ ಗೂಢಚಾರನನ್ನು ದೊರೈ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯ ಮೂಲಕ ಕನ್ನಡಕ್ಕೆ ತಂದಿತು. ಸಿ.ಐ.ಡಿ. 999 ಅವನ ಹೆಸರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದವು. ಪುರಾಣದ ಕಿರೀಟ ಇಟ್ಟುಕೊಂಡೇ ಜನರ ಮನಸ್ಸಿನಲ್ಲಿ ನಿಂತಿದ್ದ ರಾಜಕುಮಾರ್ ಸೂಟು ಬೂಟು ತೊಟ್ಟು ಪಿಸ್ತೂಲು ಹಿಡಿದರೂ ಜನ ಒಪ್ಪಿದರು. ಆಮೇಲೆ ಒಂಬತ್ತು ವರ್ಷ ಬಿಟ್ಟು ಬಂದ ನಾಲ್ಕನೆಯ ಚಿತ್ರವೇ ‘ಆಪರೇಷನ್ ಡೈಮಂಡ್ ರ‍್ಯಾಕೆಟ್’. ಸಂಗೀತ ಜಿ. ಕೆ. ವೆಂಕಟೇಶ್.

ಈ ಒಂಬತ್ತು ವರ್ಷಗಳ ನಡುವೆ ಒಂದು ದೊಡ್ಡ ಬದಲಾವಣೆ ಆಗಿತ್ತು. ಮೊದಲು ರಾಜಕುಮಾರರಿಗೆ ತೆರೆಯ ಮೇಲಿನ ದನಿ ಪಿ. ಬಿ. ಶ್ರೀನಿವಾಸ್ ಅವರದು. 1956ರ ‘ಓಹಿಲೇಶ್ವರ’ದಲ್ಲಿ ರಾಜ್ ಒಂದು ಹಾಡು ಹಾಡಿದ್ದರಾದರೂ ಅದು ಮುಂದುವರಿದಿರಲಿಲ್ಲ. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ನಮ್ಮ ಉತ್ತರ ಕರ್ನಾಟಕದ ನಾಟಕಕಾರ ಧುತ್ತರಗಿಯವರ ರಂಗನಾಟಕದಿಂದ ಮಾಡಿದ ಚಿತ್ರ. ಅದರಲ್ಲಿ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡಿಗೆ ಜಿ. ಕೆ. ವೆಂಕಟೇಶ್ ಅವರು ರಾಜಕುಮಾರರಿಂದಲೇ ಹಾಡಿಸಿದರು. ಅಲ್ಲಿಂದ ಅವರು ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾಯಿತು. ಎಮ್ಮೆಯ ಬೆನ್ನಿನಿಂದ ಇಂಗ್ಲಿಷ್ ಪಾಪ್ ಹಾಡಿಗೆ ಬರಲು ಅಣ್ಣಾವ್ರಿಗೆ ಬೇಕಾದದ್ದು ಕೇವಲ ನಾಲ್ಕು ವರ್ಷ. ಎರಡಕ್ಕೂ ರಾಗ ಕಟ್ಟಿದವರು ಒಬ್ಬರೇ.

ಆ ದಿನಗಳಲ್ಲಿ ಇಂಗ್ಲಿಷ್ ಹಾಡಿನ ಗಾಳಿ ಎಲ್ಲೆಡೆ ಬೀಸುತ್ತಿತ್ತು. ಹಿಂದಿಯ ‘ಜೂಲಿ’ ಚಿತ್ರಕ್ಕೆ 1975ರಲ್ಲಿ ಪ್ರೀತಿ ಸಾಗರ್ ಹಾಡಿದ ಪೂರ್ತಿ ಇಂಗ್ಲಿಷ್ ಹಾಡು ಮನೆಮಾತಾಗಿತ್ತು. ಅದನ್ನು ಬರೆದವರು ಸರೋಜಿನಿ ನಾಯ್ಡು ಅವರ ತಮ್ಮ ಹರೀಂದ್ರನಾಥ ಚಟ್ಟೋಪಾಧ್ಯಾಯರು. 1978ರಲ್ಲೇ ‘ಶಾಲಿಮಾರ್’ ಚಿತ್ರಕ್ಕೆ ಉಷಾ ಉತ್ತುಪ್ ಹಾಡಿದರು. ಅದೇ ವರ್ಷದ ‘ಶಂಕರ್ ಗುರು’ವಿನಲ್ಲಿ ರಾಜಕುಮಾರ್ ಕೂಡ ಉಪೇಂದ್ರ ಕುಮಾರ್ ಸಂಗೀತದಲ್ಲಿ ‘ಲವ್ ಮಿ ಆರ್ ಹೇಟ್ ಮಿ’ ಎಂಬ, ಇಂಗ್ಲಿಷ್ ಬೆರೆತ ಕನ್ನಡ ಹಾಡು ಹಾಡಿದ್ದಾರೆ. ‘ಜೂಲಿ’ಯ ಹಾಡನ್ನು ಇಂದು ಕೇಳಿ ಯಾರೂ ನಗುವುದಿಲ್ಲ. ಹಳೆಯ ಚಿನ್ನ ಎನ್ನುತ್ತಾರೆ. ನಮ್ಮ ಹಾಡಿಗೆ ಮಾತ್ರ ಏಕೆ ಈ ನಗು?

ಹಾಡಿನ ವಸ್ತು ಬಹಳ ಸರಳ. ಭೇಟಿಗೆ ಸರಿಯಾದ ಹೊತ್ತು ಯಾವುದು ಎಂದು ಪ್ರೇಮಿ ಕೇಳುತ್ತಾನೆ, ಹೊತ್ತನ್ನು ಅವಳೇ ಗೊತ್ತು ಮಾಡಬೇಕು, ಅಷ್ಟೇ. ನಡುವೆ ಗಡಿಯಾರದ ಸದ್ದನ್ನು ಬಾಯಲ್ಲೇ ಆಡಿಸುತ್ತಾರೆ. ಕಠಿಣ ಶಬ್ದ ಒಂದೂ ಇಲ್ಲ. ಐದನೇ ಇಯತ್ತೆಯಲ್ಲಿ ಎ ಬಿ ಸಿ ಡಿ ಆರಂಭಿಸಿದ ನಮ್ಮಂಥ ಕನ್ನಡ ಶಾಲೆಯ ಹುಡುಗರಿಗೂ ತಿಳಿಯುವಂಥ ಇಂಗ್ಲಿಷ್ ಅದು. ನಾನು ಆ ಚಿತ್ರ ನೋಡಿದ್ದು ಜಮಖಂಡಿ ಸಮೀಪದ ನಮ್ಮ ಊರಿನ ಟೂರಿಂಗ್ ಟಾಕೀಸಿನಲ್ಲಿ, ಬಿಡುಗಡೆಯಾಗಿ ಎರಡೋ ಮೂರೋ ವರ್ಷವಾದ ಮೇಲೆ. ಹಾಡು ಬಂದಾಗ ಯಾರೂ ನಗಲಿಲ್ಲ. ಶಿಳ್ಳೆ ಬಿದ್ದವು. ಮರುದಿನ ಶಾಲೆಯಲ್ಲಿ ನಾವೆಲ್ಲ ಟಿಕ್ ಟಿಕ್ ಎನ್ನುತ್ತಾ ಓಡಾಡಿದೆವು. ಮಾಸ್ತರರ ಬೆತ್ತದ ಜೊತೆ ಅಂಟಿಕೊಂಡೇ ಬಂದಿದ್ದ ಇಂಗ್ಲಿಷ್ ಅಂದು ಮೊದಲ ಬಾರಿಗೆ ನಮ್ಮ ಬಾಯಿಗೆ ಆಟದ ಸಾಮಾನಾಗಿ ಸಿಕ್ಕಿತು. ಎಂಟು ವರ್ಷಕ್ಕೇ ಶಾಲೆ ಬಿಟ್ಟು ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದ ಮನುಷ್ಯ ಅಷ್ಟು ನಿರಾಳವಾಗಿ ಇಂಗ್ಲಿಷ್ ಹಾಡುತ್ತಾರೆಂದರೆ ನಮಗೂ ಆದೀತು ಅನ್ನಿಸಿತ್ತು.

ಇನ್ನು ನಮ್ಮ ಹಿರಿಯರ ಆಕ್ಷೇಪಕ್ಕೆ ಬರೋಣ. ಅವರ ಕನ್ನಡಪ್ರೇಮದ ಬಗ್ಗೆ ನನಗೆ ಅಪಾರ ಗೌರವವಿದೆ. ನಮ್ಮ ಮಕ್ಕಳು ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಗೆಳೆಯರೊಡನೆ ಹಿಂದಿ ಮಾತನಾಡುತ್ತಿರುವಾಗ ವರ್ಷಕ್ಕೆ ಒಂದು ಸಂಜೆಯಾದರೂ ಅಚ್ಚ ಕನ್ನಡ ಕಿವಿಗೆ ಬೀಳಲಿ ಎನ್ನುವುದು ಸಣ್ಣ ಆಸೆಯೇನಲ್ಲ. ಆದರೆ ಕನ್ನಡಪ್ರೇಮ ಎಂದರೆ ಇಂಗ್ಲಿಷಿಗೆ ಬಾಗಿಲು ಹಾಕುವುದು ಎಂಬುದನ್ನು ಇತಿಹಾಸ ಒಪ್ಪುವುದಿಲ್ಲ. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ವರದಿ 1981ರಲ್ಲಿ ಬಂತು. ಅದನ್ನು ಕೊಟ್ಟ ಸಮಿತಿಯ ಅಧ್ಯಕ್ಷರು ವಿ. ಕೃ. ಗೋಕಾಕರು. ಅವರು ಯಾರು? ಇಂಗ್ಲಿಷ್ ಪ್ರಾಧ್ಯಾಪಕರು. 1930ರ ದಶಕದಲ್ಲಿ ನಮ್ಮದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು, ಇಂಗ್ಲಿಷಿನಲ್ಲೂ ಬರೆದವರು. ಆ ವರದಿಯ ಜಾರಿಗಾಗಿ 1982ರಲ್ಲಿ ಊರೂರು ಸುತ್ತಿ ಲಕ್ಷಾಂತರ ಜನರನ್ನು ಬೀದಿಗೆ ತಂದವರು ಯಾರು? ನಾಲ್ಕು ವರ್ಷ ಹಿಂದೆ ಟಿಕ್ ಟಿಕ್ ಹಾಡು ಹಾಡಿದ ಅದೇ ರಾಜಕುಮಾರ್. ಗೋಕಾಕ್ ಚಳವಳಿಯ ಸಭೆಗಳಲ್ಲಿ ಅವರ ಮಾತು ಕೇಳಲು ಮುಗಿಬಿದ್ದ ಜನರಿಗೆ ಆ ಹಾಡಿನಿಂದ ಯಾವ ಅಡ್ಡಿಯೂ ಆಗಲಿಲ್ಲ. ನಾವು ಅವರಿಗಿಂತ ದೊಡ್ಡ ಕನ್ನಡಿಗರಾಗಲು ಹೊರಡುವುದು ಬೇಡ.

ಪುಣೆಯವರಾದ ನಮಗೆ ಈ ಕಥೆಯಲ್ಲಿ ಇನ್ನೊಂದು ಎಳೆ ಇದೆ. ನಮ್ಮ ಕಾರ್ಯಕ್ರಮಗಳು ಬಹುತೇಕ ಪಂಡಿತ ಭೀಮಸೇನ ಜೋಶಿಯವರ ದಾಸರ ಪದದ ಧ್ವನಿಮುದ್ರಿಕೆಯಿಂದಲೇ ಆರಂಭವಾಗುತ್ತವೆ. ಆಗಬೇಕಾದದ್ದೇ. ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿ, 1953ರಿಂದ ಸವಾಯಿ ಗಂಧರ್ವ ಉತ್ಸವ ನಡೆಸಿ, 2008ರಲ್ಲಿ ಭಾರತರತ್ನ ಘೋಷಿತವಾದ ನಮ್ಮವರು. ಆ ಭೀಮಸೇನರು 1966ರಲ್ಲಿ ಕನ್ನಡ ಚಿತ್ರವೊಂದಕ್ಕೆ ಹಾಡಿದ್ದರು. ಅ.ನ.ಕೃ. ಅವರ ಕಾದಂಬರಿಯ ‘ಸಂಧ್ಯಾರಾಗ’. ನಾಯಕ ರಾಜಕುಮಾರ್. ಸಂಗೀತ ಜಿ. ಕೆ. ವೆಂಕಟೇಶ್ ಮತ್ತು ಬಾಲಮುರಳಿಕೃಷ್ಣ. ನಿರ್ದೇಶಕರು ಎ. ಸಿ. ನರಸಿಂಹಮೂರ್ತಿ ಮತ್ತು ಎಸ್. ಕೆ. ಭಗವಾನ್. ಹೆಸರುಗಳನ್ನು ಗಮನಿಸಿ. ಟಿಕ್ ಟಿಕ್ ಹಾಡಿನ ನಟ-ಗಾಯಕ, ಸಂಗೀತಗಾರ, ಇಬ್ಬರು ನಿರ್ದೇಶಕರಲ್ಲಿ ಒಬ್ಬರು, ಎಲ್ಲರೂ ಆಗಲೇ ಭೀಮಸೇನರ ಜೊತೆ ಕೆಲಸ ಮಾಡಿದವರು. ಇದೇ ವೆಂಕಟೇಶ್ 1977ರ ‘ಸನಾದಿ ಅಪ್ಪಣ್ಣ’ದಲ್ಲಿ ಬಿಸ್ಮಿಲ್ಲಾ ಖಾನರಿಂದ ಶಹನಾಯಿ ನುಡಿಸಿದರು, ಮರುವರ್ಷ ಇಂಗ್ಲಿಷ್ ಪಾಪ್ ಹಾಡು ಕಟ್ಟಿದರು. ಇಳಯರಾಜ ಅವರು ಇವರ ಕೈಕೆಳಗೆ ಸಹಾಯಕರಾಗಿ ಪಳಗಿದವರು ಎಂಬುದೂ ನೆನಪಿರಲಿ. ಅವರಿಗೆ ಶಹನಾಯಿಯೂ ಸಂಗೀತ, ಗಿಟಾರೂ ಸಂಗೀತ. ನಾವು ಮಾತ್ರ ಭೀಮಸೇನರನ್ನು ಗರ್ಭಗುಡಿಯಲ್ಲಿಟ್ಟು, ಟಿಕ್ ಟಿಕ್ ಹಾಡನ್ನು ಚಪ್ಪಲಿ ಬಿಡುವ ಜಾಗದಲ್ಲಿ ಇಡುತ್ತಿದ್ದೇವೆ.

ಹಾಡನ್ನು ಒಮ್ಮೆ ಕಣ್ಣುಮುಚ್ಚಿ ಕೇಳಿ ನೋಡಿ. ತಗ್ಗಿದ ದನಿ, ಅವಸರವೇ ಇಲ್ಲ. ಇಂಗ್ಲಿಷ್ ಬರುತ್ತದೆ ಎಂದು ತೋರಿಸಿಕೊಳ್ಳುವ ಯಾವ ತವಕವೂ ಅದರಲ್ಲಿಲ್ಲ. ಪೌರಾಣಿಕ ನಾಟಕದ ಕಂದಪದ್ಯ ಹೇಳಿ ಬೆಳೆದ ಕಂಠ ಹೊಸ ಧಾಟಿಗೆ ಹೇಗೆ ಒಗ್ಗಿಕೊಂಡಿದೆ ಎಂಬುದು ಸಂಗೀತ ಬಲ್ಲವರು ವಿವರಿಸಬೇಕಾದ ವಿಷಯ. ಇದೇ ಕಂಠಕ್ಕೆ ಮುಂದೆ ‘ಜೀವನ ಚೈತ್ರ’ದ ಹಾಡಿಗಾಗಿ 1992ನೇ ಸಾಲಿನ ಶ್ರೇಷ್ಠ ಗಾಯಕ ರಾಷ್ಟ್ರಪ್ರಶಸ್ತಿ ಬಂತು.

ಈಗ ನಮ್ಮ ಹುಡುಗರ ವಿಷಯ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಈ ಹಾಡು ಮೊಬೈಲುಗಳ ಮೂಲಕ ಕನ್ನಡದ ಗಡಿ ದಾಟಿದೆ. ಕನ್ನಡದ ಗಂಧಗಾಳಿ ಇಲ್ಲದವರೂ ಇದಕ್ಕೆ ಬಾಯಿ ಆಡಿಸುತ್ತಾರೆ, ಕುಣಿಯುತ್ತಾರೆ. ಕೆಲವರು ಪ್ರೀತಿಯಿಂದ, ಕೆಲವರು ಹಾಸ್ಯಕ್ಕೆ. ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಆ ಹುಡುಗನನ್ನು ಕೇಳಿದೆ, “ನಿನಗೆ ಈ ಹಾಡಿನಲ್ಲಿ ನಗು ಬರುವಂಥದ್ದು ಏನಪ್ಪಾ?” ಅವನು ಸ್ವಲ್ಪ ಯೋಚಿಸಿ ಪ್ರಾಮಾಣಿಕವಾಗಿಯೇ ಹೇಳಿದ: “ಹಿಂಜವಡಿಯಲ್ಲಿ ನಮ್ಮ ಟೀಮಿನವರೆಲ್ಲ ಇದನ್ನು ಹಾಕ್ಕೊಂಡು ನಗ್ತಾರೆ ಅಂಕಲ್. ನಿಮ್ಮ ಕಡೆಯ ಹಾಡಲ್ವಾ ಅಂತಾರೆ. ನಾನೂ ನಗ್ತೀನಿ. ಮುಖ ಗಂಟು ಹಾಕ್ಕೊಂಡು ಕೂತರೆ ಇನ್ನೂ ಜಾಸ್ತಿ ಆಡ್ಕೋತಾರೆ.”

ಈ ಮಾತು ನನ್ನನ್ನು ಚುಚ್ಚಿತು. ನಗುವವರ ಗುಂಪಿಗೆ ನಾವೇ ಮೊದಲು ಸೇರಿಕೊಂಡರೆ ನಮ್ಮನ್ನು ನೋಡಿ ಯಾರೂ ನಗುವುದಿಲ್ಲ ಎಂಬ ಈ ಲೆಕ್ಕ ನನಗೆ ಹೊಸದಲ್ಲ. ನಾನೂ ಹಾಕಿದ್ದೇನೆ.

ಪುಣೆಗೆ ಬಂದ ಹೊಸತರಲ್ಲಿ ಹಗಲು ಒಂದು ಅಂಗಡಿಯಲ್ಲಿ ಲೆಕ್ಕ ಬರೆದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು ನಾನು. ಕೆಲಸಕ್ಕಾಗಿ ಹೋದ ಒಂದು ಸಂದರ್ಶನದಲ್ಲಿ ‘ಬ್ಯಾಡ್ ಡೆಬ್ಟ್’ ಎಂದು ‘ಬಿ’ ಅಕ್ಷರವನ್ನೂ ಸೇರಿಸಿ ಉಚ್ಚರಿಸಿದೆ. ಪುಸ್ತಕದಲ್ಲಿ ಇದ್ದುದನ್ನು ಇದ್ದಂತೆ ಓದಿ ಕಲಿತವನಿಗೆ ಅಲ್ಲಿ ‘ಬಿ’ ಮೌನ ವ್ರತದಲ್ಲಿದೆ ಎಂದು ಹೇಗೆ ತಿಳಿಯಬೇಕು? ಎದುರಿಗಿದ್ದ ಮೂವರೂ ನಕ್ಕರು. ಪ್ರಶ್ನೆಯ ಉತ್ತರ ಸರಿಯಾಗಿತ್ತು, ಕೆಲಸ ಸಿಗಲಿಲ್ಲ. ಮುಂದೆ ಬ್ಯಾಂಕಿಗೆ ಸೇರಿದೆ, ಕುರ್ಚಿ ಗಟ್ಟಿಯಾಯಿತು. ಮರಾಠಿಯಲ್ಲಿ ಕುರ್ಚಿ ಸ್ತ್ರೀಲಿಂಗವೆಂದು ತಿಳಿಯದೆ ‘ಮಾಝಾ ಖುರ್ಚಿ’ ಎಂದು ಹೇಳಿ ಅಲ್ಲಿಯೂ ಒಮ್ಮೆ ನಗೆಪಾಟಲಾದೆ, ಅದು ಬೇರೆ ಮಾತು. ಕೆಲವು ವರ್ಷಗಳ ಬಳಿಕ ನಮ್ಮ ಶಾಖೆಗೆ ರಾಯಚೂರು ಕಡೆಯ ಹುಡುಗನೊಬ್ಬ ಹೊಸದಾಗಿ ಬಂದ. ಮೊದಲ ವಾರವೇ ಗ್ರಾಹಕರ ಮುಂದೆ ‘ರಿಸೀಪ್ಟ್’ ಎಂದು ‘ಪಿ’ ಒತ್ತಿ ಹೇಳಿದ. ಸಹೋದ್ಯೋಗಿಗಳು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅವನು ನನ್ನ ಕಡೆಗೇ ನೋಡಿದ. ಶಾಖೆಯಲ್ಲಿ ಅವನ ಭಾಷೆ ಬಲ್ಲ ಒಬ್ಬನೇ ಒಬ್ಬ ನಾನಾಗಿದ್ದೆ. ಅವನು ವರ್ಗವಾಗಿ ಹೋಗುವವರೆಗೂ ನನ್ನೊಡನೆ ಕನ್ನಡದಲ್ಲಿ ಮಾತನಾಡಲಿಲ್ಲ, ಹಿಂದಿಯಲ್ಲೇ ವ್ಯವಹರಿಸಿದ. ಕ್ಷಮೆ ಕೇಳಬೇಕೆಂದುಕೊಂಡದ್ದು ಇಂದು ನಾಳೆ ಎನ್ನುವುದರಲ್ಲೇ ಉಳಿಯಿತು.

ಆ ನಗೆನಾಟಕದಲ್ಲಿ ವಿಗ್ ಹಾಕಿಕೊಂಡು ನಿಲ್ಲುವವನು ನನ್ನ ಕಣ್ಣಿಗೆ ರಾಜಕುಮಾರರಂತೆ ಕಾಣುವುದಿಲ್ಲ. ರಾಯಚೂರಿನ ಆ ಹುಡುಗ ಕಾಣುತ್ತಾನೆ. ‘ಡೆಬ್ಟ್’ ಎಂದ ನಾನು ಕಾಣುತ್ತೇನೆ. ಸಭಾಂಗಣದಲ್ಲಿ ಕುಳಿತ ನಮ್ಮಲ್ಲಿ ಅರ್ಧಕ್ಕರ್ಧ ಜನ ಹೀಗೇ ತಪ್ಪು ತಪ್ಪಾಗಿ ಇಂಗ್ಲಿಷ್, ತಪ್ಪು ತಪ್ಪಾಗಿ ಮರಾಠಿ ಆಡುತ್ತಲೇ ಈ ಊರಿನಲ್ಲಿ ಮನೆ ಮಾಡಿದವರು. ಹೋಟೆಲಿನ ಗಲ್ಲಾದಲ್ಲಿ, ಕಾರ್ಖಾನೆಯಲ್ಲಿ, ಕಟ್ಟಡದ ಕೆಲಸದಲ್ಲಿ ಬಂದ ಭಾಷೆಯನ್ನು ಬಂದಷ್ಟು ಬಳಸಿ ಬದುಕಿದವರು. ರಾಜಕುಮಾರ್ ಮೈಕಿನ ಮುಂದೆ ಮಾಡಿದ್ದನ್ನೇ ನಾವು ರೇಷನ್ ಅಂಗಡಿಯ ಮುಂದೆ ಮಾಡಿದೆವು.

ಹುಡುಗರಿಗೆ ಹಾಸ್ಯವೇ ಬೇಡ ಎಂದು ನಾನು ಹೇಳುತ್ತಿಲ್ಲ. ಹಾಡಿನಲ್ಲೇ ತುಂಟತನವಿದೆ, ಟಿಕ್ ಟಿಕ್ ಎನ್ನುವಾಗ ಕೇಳುವವರ ಮುಖ ಅರಳಬೇಕು. ಅರಳಲಿ. ವಿಗ್ ಮತ್ತು ಎಳೆದ ಉಚ್ಚಾರ ಮಾತ್ರ ಬೇಡ.

ಆದ್ದರಿಂದ ಮುಂದಿನ ಭಾನುವಾರದ ಸಭೆಯಲ್ಲಿ ನನ್ನ ಸೂಚನೆ ಇಷ್ಟು. ಹಾಡಿಗೆ ಮೊದಲು ಎರಡು ನಿಮಿಷ ಕನ್ನಡದಲ್ಲಿ ಅದರ ಪರಿಚಯ ಹೇಳಬೇಕು. ವೆಂಕಟೇಶ್, ದೊರೈ-ಭಗವಾನ್ ಹೆಸರುಗಳು ನಮ್ಮ ಮಕ್ಕಳ ಕಿವಿಗೆ ಬೀಳಬೇಕು. ಭಗವಾನ್ ಅವರು 2023ರಲ್ಲಿ ತೀರಿಕೊಂಡಾಗ ನಮ್ಮ ಬಳಗದ ಮಕ್ಕಳಲ್ಲಿ ಒಬ್ಬರಿಗೂ ಅವರು ಯಾರೆಂದು ಗೊತ್ತಿರಲಿಲ್ಲ. ಆನಂತರ ಹಾಡನ್ನು ಪೂರ್ತಿಯಾಗಿ, ಇದ್ದ ಹಾಗೆ ಹಾಡಬೇಕು. ಕಾರ್ಯಕ್ರಮ ಪಟ್ಟಿಯಲ್ಲಿ ಅದು ಊಟಕ್ಕೆ ಜನ ಏಳುವ ಹೊತ್ತಿನಲ್ಲಿ ಬೇಡ, ಭೀಮಸೇನರ ಪದವಾದ ಮೇಲೆ ಎರಡನೆಯದೋ ಮೂರನೆಯದೋ ಆಗಿ ಬರಲಿ. ಮರಾಠಿ ನೆರೆಹೊರೆಯವರನ್ನೂ ಕರೆಯೋಣ. ಅವರಿಗೂ ಈ ಹಾಡು ಮೊಬೈಲಿನಲ್ಲಿ ಪರಿಚಯವಿದೆ, ಹಾಡಿದವರ ಪರಿಚಯ ಇಲ್ಲ.

ಹಾಡುವವರು ಯಾರು ಎಂಬ ಪ್ರಶ್ನೆ ಬಂದರೆ ನನ್ನ ಹೆಸರು ಕೊಟ್ಟಿದ್ದೇನೆ. ಕಂಠ ಸಾಧಾರಣ, ಉಚ್ಚಾರ ಮೇಲೆ ಹೇಳಿದಂತೆ. ಕರೋಕೆ ಟ್ರ್ಯಾಕ್ ಹುಡುಕಿಕೊಟ್ಟವನು ನಗೆನಾಟಕದ ಸಲಹೆ ತಂದಿದ್ದ ಅದೇ ಹುಡುಗ. ಜೊತೆಗೆ ಕೀಬೋರ್ಡ್ ನುಡಿಸಲೂ ಒಪ್ಪಿದ್ದಾನೆ. ಎರಡು ಸಂಜೆ ನಮ್ಮ ಮನೆಯಲ್ಲಿ ಅಭ್ಯಾಸವಾಯಿತು. ನಮ್ಮ ಹಿರಿಯರಿಗೂ ಫೋನು ಮಾಡಿ ಇದಿಷ್ಟನ್ನೂ ವಿವರಿಸಿದೆ. ಗೋಕಾಕರ ಮಾತು ಬಂದಾಗ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, “ಹಾಡ್ರಿ ಬೇಕಾದ್ರ. ಆದ್ರ ನಾ ಮೊದಲನೇ ಸಾಲಿನ್ಯಾಗ ಕೂಡಂಗಿಲ್ಲ” ಎಂದರು. ಎರಡನೆಯ ಸಾಲಿನಲ್ಲಿ ಅವರಿಗೊಂದು ಕುರ್ಚಿ ಕಾದಿರಿಸುವಂತೆ ಕಾರ್ಯದರ್ಶಿಯವರಿಗೆ ಹೇಳಿದ್ದೇನೆ.